ಬಾಗಿಲ ಪಕ್ಕದ ಅಳಿಯ

ಅಳಿಯನನ್ನು ಬಿಸಿಲಲ್ಲಿ ನಿಲ್ಲಿಸಿ ತಾನು ಫ್ಯಾನಿನ ಕೆಳಗೆ ಕೂರುವುದು ಯಾವ ಅತ್ತೆಗೆ ತಾನೇ ಸಾಧ್ಯ? ಹೊಲಿಗೆ ಟೀಚರಿಗಂತೂ ಆಗಲಿಲ್ಲ. ಆ ದಿನ ಅವರು ಬರೀ ಟೀಚರಲ್ಲ, ಮತಗಟ್ಟೆಯ ಮುಖ್ಯ ಅಧಿಕಾರಿ. ಶಾಲೆಯ ಆ ಕೋಣೆಯೊಳಗೆ ಅವರು ಹೇಳಿದ್ದೇ ಕಾನೂನು. ಅಳಿಯ ಪೊಲೀಸ್. ಡ್ಯೂಟಿ ಹಂಚಿದ ಪುಣ್ಯಾತ್ಮ ಯಾರೋ ಏನೋ, ಮದುವೆಯ ಹೊಸತು ಇನ್ನೂ ಕಳೆಯದ ಅಳಿಯನನ್ನು ಹೆಗಲ ಮೇಲಿನ ಬಂದೂಕಿನ ಸಮೇತ ತಂದು ಅತ್ತೆಯ ಮತಗಟ್ಟೆಯ ಗೇಟಿಗೇ ನಿಲ್ಲಿಸಿದ್ದ. ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಟೀಚರ್ ಬಾಗಿಲಿಗೆ ಬಂದು ಮನೆಯಲ್ಲಿ ಕರೆಯುವ ಹಾಗೇ ಕರೆದರು.

“ಒಳಗೆ ಬನ್ನಿ ಅಳಿಯಂದ್ರೆ, ಅಲ್ಯಾಕೆ ಒಣಗ್ತೀರಿ?”

ಬೇಡ ಬೇಡ ಎನ್ನುತ್ತಲೇ ಅಳಿಯ ಬಂದ. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಬಂದೂಕನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡ. ಹುಡುಗ ಒಳ್ಳೆಯವನೇ, ಮಾತು ಕಡಿಮೆ.

ಅಂಗಡಿ ಬೀದಿಯವರು ಬಂದು ಓಟು ಹಾಕಿ ಹೋದರು. ಆಮೇಲೆ ಬಣ್ಣದ ಕಾರ್ಖಾನೆಯ ಓಣಿಯ ಹೆಂಗಸರು ಗುಂಪಾಗಿ ಬಂದರು. ಗೇಟು ದಾಟಿದರು, ಬಾಗಿಲೊಳಗೆ ಇಣುಕಿದರು, ಹಾಗೇ ಹಿಂದೆ ಸರಿದು ಮರದ ಕೆಳಗೆ ನಿಂತುಬಿಟ್ಟರು. ಹೋದ ತಿಂಗಳು ಮುಷ್ಕರದ ದಿನ ಅವರ ಓಣಿಗೆ ಪೊಲೀಸರ ಬಂದೂಕು ನುಗ್ಗಿದ್ದು ಊರಿಗೆಲ್ಲ ಗೊತ್ತು. ಪೆಟ್ಟು ತಿಂದವರಲ್ಲಿ ಕೆಲವರು ಇನ್ನೂ ಕುಂಟುತ್ತಿದ್ದರು.

ಬೆರಳಿಗೆ ಶಾಯಿ ಹಾಕಲು ಕೂತಿದ್ದ ಗುಮಾಸ್ತನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಬಾಯಿಗೆ ಬಿಡುವೇ ಇಲ್ಲದ ಆ ಮನುಷ್ಯ ಅವತ್ತು ಮಾತ್ರ ದನಿ ತಗ್ಗಿಸಿದ.

“ಮೇಡಂ, ಆಯುಧ ಇರೋರು ಒಳಗೆ ಬರೋ ಹಾಗಿಲ್ಲ. ಟ್ರೈನಿಂಗಲ್ಲಿ ಬಡ್ಕೊಂಡ್ರಲ್ಲ, ಮುಖ್ಯ ಅಧಿಕಾರಿ ಕರೆದ್ರೆ ಮಾತ್ರ ಅಂತ.”

“ನಾನೇ ಕರೆದೆನಲ್ಲ.”

“ಅದು ಗಲಾಟೆ ಆದಾಗ ಕರೆಯೋದು. ನೀವು ಊಟಕ್ಕೆ ಕರೆದ ಹಾಗೆ ಕರೆದ್ರಿ.”

ಟೀಚರ್ ಎದ್ದರು, ಕೂತರು, ಬಾಯಾರಿಕೆ ಇಲ್ಲದೆಯೂ ನೀರು ಕುಡಿದರು. ಕಳಿಸಬೇಕು, ಸರಿ. ಆದರೆ ಪಕ್ಷಗಳ ಏಜೆಂಟರೆಲ್ಲ ಸಾಲಾಗಿ ಕೂತಿರುವ ಕಡೆ ಅಳಿಯನಿಗೆ ಎದ್ದು ಹೋಗು ಎನ್ನುವುದು ಹೇಗೆ? ಮದುವೆಯಲ್ಲಿ ಸರಿಯಾಗಿ ಮಾತಾಡಿಸಲಿಲ್ಲ ಎಂದು ಬೀಗಿತ್ತಿ ಈಗಲೂ ಮುಖ ಊದಿಸಿಕೊಂಡಿದ್ದಾಳೆ. ಇದು ಅವಳ ಕಿವಿಗೆ ಬಿದ್ದರೆ ಕುಟುಕು ಮಾತು ಕೇಳಬೇಕಾದವಳು ಮಗಳು. ಟೀಚರಿಗೆ ನಿಜಕ್ಕೂ ಭಯವಾಯಿತು. ಭಯವಾದಾಗ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು, ಸುಲಭದ ದಾರಿ ಹುಡುಕಿಕೊಂಡು ಮರದ ಬಳಿಗೆ ಹೋದರು.

ಗುಂಪಿನ ಮುಂದೆ ಉದ್ದನೆಯ ಹೆಂಗಸೊಬ್ಬಳಿದ್ದಳು. ಬಣ್ಣದ ಕಡಾಯಿಯ ಕೆಲಸ, ಮೊಣಕೈವರೆಗೂ ಹಳದಿ.

“ಬನ್ನಿ ತಾಯಿ, ಅವರು ಏನೂ ಮಾಡಲ್ಲ. ನಮ್ಮ ಅಳಿಯಂದಿರೇ.”

“ನಿಮಗೆ ಅಳಿಯ,” ಎಂದಳು ಅವಳು. “ನಮಗೇನಾಗ್ಬೇಕು? ಅವರು ಎದ್ದು ಹೋಗ್ಲಿ, ಬರ್ತೀವಿ. ಬೇಗ ಆಗ್ಲಿ, ನಂಗೆ ಮಧ್ಯಾಹ್ನದ ಪಾಳಿ ಇದೆ.”

ಟೀಚರ್ ಒಳಗೆ ಬಂದು ಸುತ್ತಿ ಬಳಸಿ ಶುರುಮಾಡಿದರು. “ಹೊರಗೆ ಗಾಳಿ ಚೆನ್ನಾಗಿ ಬೀಸ್ತಿದೆ ಅಳಿಯಂದ್ರೆ.”

“ಇಲ್ಲೇ ಹಾಯಾಗಿದೆ ಅತ್ತೆ.”

ಸ್ವಲ್ಪ ಹೊತ್ತು ಬಿಟ್ಟು, “ಗೇಟಲ್ಲಿ ಯಾರೂ ಇಲ್ಲವೇನೋ,” ಎಂದರು. ಗೇಟಿನಲ್ಲಿ ಇನ್ನೊಬ್ಬರಿದ್ದಾರೆ, ನೀವು ಚಿಂತೆ ಮಾಡಬೇಡಿ ಎಂದ ಅಳಿಯ. ಅತ್ತೆಗೆ ತನ್ನ ಮೇಲೆ ಇಷ್ಟೊಂದು ಅಕ್ಕರೆಯೇ ಎಂದು ಅವನಿಗೆ ಖುಷಿಯಾದಂತಿತ್ತು. ರೇಡಿಯೊ ಹಣೆ ಹಣೆ ಚಚ್ಚಿಕೊಂಡ. ಟೀಚರ್ ಕಿಟಕಿಗೆ ಹೋದರು, ಮೇಜಿಗೆ ಬಂದರು, ಮತ್ತೆ ಕಿಟಕಿಗೆ ಹೋದರು. ಹೆಂಗಸರು ಅಲ್ಲಾಡಲಿಲ್ಲ. ಬೆಳಗೆಲ್ಲ ಹೀಗೇ ಕಳೆಯಿತು.

ಕಾರ್ಖಾನೆಯ ಸೈರನ್ ಕೂಗಿತು. ಉದ್ದನೆಯ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟು ದಾಟಿ ಹೊರಟೇ ಹೋದಳು. ಕಿಟಕಿಯಲ್ಲಿದ್ದ ಟೀಚರ್ ಅದನ್ನು ನೋಡಿದರು. ತಿರುಗಿ ಬಂದು ಬೆಂಚಿನ ಮುಂದೆ ನಿಂತರು.

“ಪೊಲೀಸರೇ, ಬಂದೂಕು ತಗೊಂಡು ಗೇಟಿನ ಹೊರಗೆ ನಿಲ್ಲಿ.”

“ಅತ್ತೆ?”

“ನಾನು ಕರೆದದ್ದು ತಪ್ಪು, ನಿಮ್ಮದೇನಿಲ್ಲ. ನೀವು ಒಳಗಿರೋವರೆಗೂ ಇಲ್ಲಿ ಓಟು ನಡೆಯಲ್ಲ.”

ಏಜೆಂಟರಲ್ಲೊಬ್ಬ ಕಿಸಕ್ಕೆಂದ. ಅಳಿಯನ ಕಿವಿ ಕೆಂಪಾಯಿತು. ಎದ್ದು, ಯಾರ ಮುಖವನ್ನೂ ನೋಡದೆ ಹೋದ.

ಹೆಂಗಸರು ಬಂದರು. ಅವರ ಬಣ್ಣ ಕುಡಿದ ಬೆರಳುಗಳ ಮೇಲೆ ಶಾಯಿ ಕಾಣಿಸದೆ ರೇಡಿಯೊ ಪರದಾಡಿದ. “ನಿಮ್ಮ ಮುಂದೆ ನನ್ನ ಶಾಯಿ ಯಾವ ಲೆಕ್ಕ ಬಿಡಿ,” ಎಂದಾಗ ಒಬ್ಬಿಬ್ಬರು ನಕ್ಕರು. ಟೀಚರ್ ಮಾತ್ರ ಪ್ರತಿ ಬೆರಳಿನ ಹಿಂದೆಯೂ ಹಳದಿ ಮೊಣಕೈಯನ್ನೇ ಹುಡುಕುತ್ತಿದ್ದರು. ಪಾಳಿ ಬಿಟ್ಟ ಕೂಡಲೇ ಓಡಿಬರ್ತಾಳೆ ಎಂದಳು ಸಾಲಿನಲ್ಲಿದ್ದ ಅವಳ ನಾದಿನಿ.

ಮತದಾನದ ಹೊತ್ತು ಮುಗಿಯಿತು. ಆಗ ಸಾಲಿನಲ್ಲಿದ್ದವರಿಗಷ್ಟೇ ಚೀಟಿ, ಆಮೇಲೆ ಬಂದವರಿಗಿಲ್ಲ. ಟೀಚರ್ ಸಾಲಿನ ತುದಿಯಿಂದ ಚೀಟಿ ಹಂಚುತ್ತಾ ಬಂದರು, ಬೇಕೆಂದೇ ನಿಧಾನವಾಗಿ. ಕೊನೆಯ ಚೀಟಿ ಕೊಟ್ಟು ತಲೆಯೆತ್ತಿದರೆ ಅವಳು ಗೇಟಿನಲ್ಲಿ ಏದುಸಿರು ಬಿಡುತ್ತಿದ್ದಳು. ಅಳಿಯ ಕೈ ಅಡ್ಡ ಹಿಡಿದಿದ್ದ. ಅವನು ಟೀಚರ್ ಕಡೆ ತಿರುಗಿದ.

“ಬಿಡ್ಲಾ ಮೇಡಂ?”

ಬಿಡಿ ಎಂದರೆ ಅವನು ಬಿಡುತ್ತಿದ್ದ. ಏಜೆಂಟರು ಬಾಗಿಲಿಗೆ ಬಂದು ನೋಡುತ್ತಿದ್ದರು. ಟೀಚರ್ ಗೇಟಿನವರೆಗೆ ನಡೆದು ಹೋದರು.

“ಬಿಡೋ ಹಾಗಿಲ್ಲಮ್ಮ, ಹೊತ್ತು ಮುಗೀತು.”

“ಬೆಳಿಗ್ಗೆನೇ ಬಂದಿದ್ದೆನಲ್ಲ.”

“ಬಂದಿದ್ರಿ. ತಪ್ಪು ನಂದು.”

“ತಪ್ಪು ನಿಮ್ದು,” ಎಂದಳು ಅವಳು, ದನಿ ಏರಿಸದೆ. “ಹೋಗಿದ್ದು ನನ್ನ ಓಟು.”

ಅವಳು ರಸ್ತೆ ದಾಟುವವರೆಗೂ ಕಾದು, ಅಳಿಯ ಗೇಟು ಎಳೆದುಕೊಂಡ.