ಗುಂಗುರು ಕೂದಲಿನ ನಾಯಕಿ

ಕಾರ್ಟೂನ್ ಸಿನಿಮಾದ ಪಾತ್ರಗಳಿಗೆ ಕಂಪ್ಯೂಟರಿನಲ್ಲಿ ಕೂದಲು ಬೆಳೆಸುವುದೇ ಅವಳ ಉದ್ಯೋಗ. ಮನೆಯಲ್ಲಿ ಮಗಳದ್ದು ಯಾವ ಬಾಚಣಿಗೆಗೂ ಜಗ್ಗದ ಗುಂಗುರು ಕೂದಲು. ಆಫೀಸಿನಲ್ಲಿ ನಾಯಕಿಯರದೆಲ್ಲ ಇಸ್ತ್ರಿ ಹೊಡೆದಂಥ ನೇರ ಕೂದಲು. ಕಾಡಿ ಬೇಡಿ, ಕೊನೆಗೆ ಜಗಳವಾಡಿ, ಈ ಸಲದ ನಾಯಕಿಗೆ ಗುಂಗುರು ಕೊಡಿಸಿದಳು. ನಿರ್ದೇಶಕರು ಸಿಕ್ಕ ಸಿಕ್ಕ ಸಂದರ್ಶನದಲ್ಲೆಲ್ಲ ಅದನ್ನೇ ಹೇಳಿಕೊಂಡು ಮೆರೆದರು.

ಗುಂಗುರು ಅಲುಗಿದರೆ ಸಾಕು, ಕಂಪ್ಯೂಟರ್ ಏದುಸಿರು ಬಿಡುತ್ತದೆ, ಕೆಲಸ ತಿಂಗಳುಗಟ್ಟಲೆ ಎಳೆಯುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

“ನಾಯಕಿಗೊಂದು ಹೆಲ್ಮೆಟ್ ಹಾಕ್ಬಿಡಿ ಮೇಡಂ,” ಎಂದರು ನಿರ್ದೇಶಕರು. “ಒಳಗಡೆ ಗುಂಗುರೇ ಇರುತ್ತಲ್ಲ!”

ಸಿನಿಮಾದುದ್ದಕ್ಕೂ ಗಾಳಿಗೆ ಹಾರಾಡಿದ್ದು ನಾಯಕಿ ಏರಿದ ಕುದುರೆಯ ಬಾಲವೊಂದೇ.

ಥಿಯೇಟರಿನಿಂದ ಹೊರಬಂದ ಮಗಳು ಕುಣಿದಾಡುತ್ತಿದ್ದಳು. “ಅಮ್ಮಾ, ನಂಗೂ ಅಂಥದ್ದೇ ಹೆಲ್ಮೆಟ್ ಕೊಡ್ಸು. ಹಾಕ್ಕೊಂಡ್ರೆ ನನ್ ಕೂದ್ಲು ಯಾರಿಗೂ ಕಾಣ್ಸಲ್ಲ!”