ತಿರುವಿದರೆ ಕೂಡದ ಗಿಣಿ

ಗಿಣಿ ನನ್ನದು. ಚಾದರದ ಮೂಲೆಗೆಂದು ಗ್ರಾಫ್ ಹಾಳೆಯ ಒಂದೊಂದೇ ಮನೆಗೆ ಬಣ್ಣ ತುಂಬಿ ನಾನು ಬಿಡಿಸಿದ್ದು, ಬಲಕ್ಕೆ ಮುಖ ಮಾಡಿ ಕೂತ ಗಿಣಿ. ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರ ನೇಯಿಸುವ ಸಿದ್ದರಾಮಪ್ಪನವರು ನಮೂನೆ ಮನಸ್ಸಿಗೆ ಬಂದರೆ ನನಗೆ ಡಿಸೈನರ್ ಕೆಲಸ ಕೊಡುವವರಿದ್ದರು. ಅದಕ್ಕೂ ಮೊದಲು ಗೆಳತಿಗೆ ತೋರಿಸಬೇಡವೇ? ಅಕ್ಕಲಕೋಟದಲ್ಲಿ ಗಣಿತ ಕಲಿಸುವ ದ್ವಾರಕಾಗೆ ಫೋಟೊ ಕಳಿಸಿದೆ. ಶಾಲೆಯಲ್ಲಿ ಭೂಮಿತಿ, ಅಂದರೆ ರೇಖಾಗಣಿತದಲ್ಲಿ ನಪಾಸಾಗುತ್ತಿದ್ದ ನನ್ನನ್ನು ಪಾಸು ಮಾಡಿಸಿದವಳೇ ಅವಳು. ಚೆಂದ ಆಗಿದೆ ಎಂದಳು. ಹುಚ್ಚಿಯ ಹಾಗೆ ಹಿಗ್ಗಿದೆ.

ಮುಂದಿನ ವಾರ ಕಾರ್ಖಾನೆಗೆ ಹೋದರೆ ಸಿದ್ದರಾಮಪ್ಪನವರ ಮೇಜಿನ ಮೇಲೆ ಆಗಲೇ ಒಂದು ಗಿಣಿ ಕೂತಿತ್ತು, ಎಡಕ್ಕೆ ಮುಖ ಮಾಡಿ. ಅದೇ ಕೆಲಸಕ್ಕೆಂದು ಅದನ್ನು ತಂದವನು ದ್ವಾರಕಾಳ ಗಂಡ ನಿಖಿಲ. ಪಕ್ಕದ ಕುರ್ಚಿಯಲ್ಲಿ ಅವಳೂ ಇದ್ದಳು. ಇದು ನನ್ನದೇ ಎಂದು ನಾನು ಕೂಗಾಡಿದೆ. ಗಣಿತದ ಟೀಚರ್ ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ ಎಂದರು ಸಿದ್ದರಾಮಪ್ಪನವರು.

ದ್ವಾರಕಾ ನನ್ನ ಹಾಳೆಯನ್ನು ಅವನ ಹಾಳೆಯ ಪಕ್ಕ ಇಟ್ಟು ಅತ್ತಿತ್ತ ಸರಿಸಿದಳು. ಕಾಲು ಸುತ್ತು ತಿರುಗಿಸಿದಳು, ಅರ್ಧ ಸುತ್ತು ತಿರುಗಿಸಿದಳು.

"ಹ್ಯಾಂಗ ತಿರುವಿದ್ರೂ ಕೂಡಂಗಿಲ್ರಿ. ಎರಡೂ ಬ್ಯಾರೆ ಬ್ಯಾರೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ತಿರುವಿದರೆ ಕೂಡುವುದಿಲ್ಲ, ನಿಜ. ಹೊಳ್ಳಿಸಬೇಕು, ಮಗುಚಬೇಕು. ಹಂಚಿನ ಮೇಲೆ ರೊಟ್ಟಿಯನ್ನು ಸುತ್ತ ತಿರುವುವುದು ಬೇರೆ, ಹೊಳ್ಳಿಸಿ ಹಾಕುವುದು ಬೇರೆ. ಹೊಳ್ಳಿಸಿದರೆ ನಡುವಿನ ಗೆರೆಯಿಂದ ಬಲಕ್ಕೆ ಮೂರು ಮನೆ ದೂರ ಇದ್ದದ್ದು ಎಡಕ್ಕೆ ಮೂರು ಮನೆ ಹೋಗುತ್ತದೆ ಎಂದು ನನಗೆ ಕಲಿಸಿದವಳು ಇವಳೇ.

ನನ್ನ ಹಾಳೆಯನ್ನು ಮಗುಚಿ, ಅವನ ಹಾಳೆಯ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದೆ. ಕೊಕ್ಕಿನ ಮೇಲೆ ಕೊಕ್ಕು, ಬಾಲದ ಮೇಲೆ ಬಾಲ. ರೆಕ್ಕೆಯಲ್ಲಿ ನಾನು ಮರೆತು ಖಾಲಿ ಬಿಟ್ಟ ಮನೆ ಅವನಲ್ಲೂ ಖಾಲಿಯೇ. ಸಿದ್ದರಾಮಪ್ಪನವರು ಬಗ್ಗಿ ನೋಡಿದರು. ಆಮೇಲೆ, ಜಗಳದ ನಮೂನೆ ನನಗೆ ಬೇಡವೇ ಬೇಡ, ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದು ಎರಡೂ ಹಾಳೆ ವಾಪಸ್ ಕೊಟ್ಟರು.

ನಿಖಿಲ ತಲೆ ತಗ್ಗಿಸಿ ಗಾಡಿ ತರಲು ಹೋದ. ಗೇಟಿನ ಹತ್ತಿರ ದ್ವಾರಕಾಳನ್ನು ತಡೆದೆ.

"ಹೊಳ್ಳಿಸೂದು ಅವಗ ಯಾರ ಹೇಳಿಕೊಟ್ರು?"

"ನಾನ," ಎಂದಳು, ಸೆರಗು ಸರಿ ಮಾಡಿಕೊಳ್ಳುತ್ತ. "ನಿನಗ ಭೂಮಿತಿ ಎಲ್ಲಿ ತಿಳೀತದ, ಗುರ್ತ ಹಿಡ್ಯಾಂಗಿಲ್ಲ ಅಂದ್ಕೊಂಡಿದ್ದೆ."

ಕೆಲಸ ಹೋದದ್ದಕ್ಕೆ ನನಗೆ ಅಳು ಬಂದಿರಲಿಲ್ಲ. ಆಗ ಬಂತು.