ಆರಿದ ಒಲೆ

ಕೋಡಿಹಳ್ಳಿಯ ಚಿಕ್ಕಮಾದಮ್ಮನಿಗಿದ್ದುದು ಒಂದೇ ಹಸು. ಅದನ್ನು ಕರೆಯಲು ಕೂತರೆ ಊರಿನ ಬಿಂದಿಗೆಗಳೆಲ್ಲ ಸಾಲದಾಗುತ್ತಿದ್ದವು. ಜೋಳ ಕೊಯ್ದ ಹೊಲದಲ್ಲಿ ಎಳೆ ಚಿಗುರು ಮೇಯಲಿ ಎಂದು ಅವಳೇ ಅದನ್ನು ಕಟ್ಟಿದಳು. ಸ್ವಲ್ಪ ಹೊತ್ತಿನಲ್ಲೇ ಅದು ಬಿದ್ದು ಏದುಸಿರು ಬಿಡತೊಡಗಿತು.

ದನದ ಡಾಕ್ಟರು ಬೈಕಿನಲ್ಲಿ ಹಾರಿಬಂದು ಸೂಜಿ ಚುಚ್ಚಿದರು.

“ಹೊಟ್ಟೆ ತುಂಬೈತೆ, ಉಸಿರೂ ಆಡ್ತೈತೆ. ಇನ್ನೇನ್ ಬೇಕು ಡಾಕ್ಟ್ರೇ ಇದುಕ್ಕೆ?” ಎಂದಳು ಚಿಕ್ಕಮಾದಮ್ಮ.

“ಮೈಯ ಒಂದೊಂದು ಜೀವಕೋಶದಾಗೂ ಒಲೆ ಐತೆ ಕಣಮ್ಮ. ಮೇವೇ ಸೌದೆ, ಉಸಿರೇ ಗಾಳಿ. ಎರಡೂ ಸೇರಿ ಉರುದ್ರೇನೇ ಶಕ್ತಿ. ಎಳೆ ಜೋಳದ ವಿಷ ಆ ಒಲೇನೇ ಆರಿಸ್ಬುಡ್ತದೆ.”

ಹಸುವಿನ ಒಸಡು ದಾಸವಾಳದಂತೆ ಕೆಂಪಗಿತ್ತು. ಒಲೆ ಆರಿ ಬಳಕೆಯಾಗದ ಗಾಳಿಯೆಲ್ಲ ರಕ್ತದಲ್ಲೇ ಉಳಿದು ಅದನ್ನು ಕೆಂಪಾಗಿಸಿತ್ತು. ಹಾಗೆ ಕೆಂಪಗಿರುವಾಗಲೇ ಅದರ ಉಸಿರು ನಿಂತಿತು.

ಚಿಕ್ಕಮಾದಮ್ಮ ಅದರ ಬಾಯಿಗೆ ಕೈಹಾಕಿ, ನುಂಗದೆ ಉಳಿದ ಚಿಗುರನ್ನೆಲ್ಲ ಬಾಚಿ ತೆಗೆದಳು.

“ತೆಗ್ದಿವ್ನಿ ಡಾಕ್ಟ್ರೇ, ಈಗ ಇನ್ನೊಂದ್ ಸೂಜಿ ಹಾಕಿ.”